ಸೂಪರ್‌ಹೀರೋ ಸಿನಿಮಾಗಳಲ್ಲಿ ಕಾಮಿಕ್ಸ್ ಬರೆದವರ, ಬಿಡಿಸಿದವರ ಹೆಸರು ಎಲ್ಲಿ ಬರಬೇಕು?

ದುರ್ಗಿಗುಡಿ ಓದುಗ, ಶಿವಮೊಗ್ಗ

ಬಿಲ್ ಫಿಂಗರ್ ಯಾರು ಅಂತ ನನ್ನ ಚಿತ್ರಕಲೆ ತರಗತಿಯ ಮಕ್ಕಳನ್ನು ಕೇಳಿದರೆ ಒಬ್ಬರಿಗೂ ಗೊತ್ತಿಲ್ಲ. ಬ್ಯಾಟ್‌ಮ್ಯಾನ್ ಮಾತ್ರ ಎಲ್ಲರಿಗೂ ಗೊತ್ತು. ಮಕ್ಕಳ ತಪ್ಪಲ್ಲ ಇದು. ಸಿನಿಮಾದವರು ತೋರಿಸಿದ್ದರೆ ತಾನೆ ಗೊತ್ತಾಗುವುದು?

1939ರಲ್ಲಿ ಬ್ಯಾಟ್‌ಮ್ಯಾನ್‌ನ ಮೊದಲ ಕಥೆ ಬರೆದವರು ಫಿಂಗರ್. ಚಿತ್ರಕಾರ ಬಾಬ್ ಕೇನ್ ಮೊದಲು ಗೀಚಿದ್ದ ಚಿತ್ರದಲ್ಲಿ ಸೆಟೆದ ರೆಕ್ಕೆಗಳಿದ್ದವು. ಅದನ್ನು ತೆಗೆದು ಹಾರಾಡುವ ಮೇಲುಹೊದಿಕೆ ಹಾಕಿಸಿದ್ದು, ಬಾವಲಿ ಕಿವಿಯ ಮುಖವಾಡ, ಬೂದು ಬಣ್ಣದ ಉಡುಪು, ಬ್ರೂಸ್ ವೇನ್ ಎಂಬ ಹೆಸರು, ಗಾಥಮ್ ಎಂಬ ಊರು, ಇವೆಲ್ಲ ಫಿಂಗರ್ ಕೊಟ್ಟದ್ದು. ಆದರೆ ಪ್ರಕಾಶಕರ ಹತ್ತಿರ ಒಪ್ಪಂದ ಮಾಡಿಕೊಂಡವರು ಕೇನ್ ಒಬ್ಬರೇ. ಹಾಗಾಗಿ 1989ರ ಚಿತ್ರದಲ್ಲೂ, 2005, 2008, 2012ರಲ್ಲಿ ಬಂದ ಕ್ರಿಸ್ಟೋಫರ್ ನೋಲನ್ ಚಿತ್ರಗಳಲ್ಲೂ ಬ್ಯಾಟ್‌ಮ್ಯಾನ್ ಸೃಷ್ಟಿಕರ್ತರ ಜಾಗದಲ್ಲಿ ಕೇನ್ ಹೆಸರು ಮಾತ್ರ ಬಂತು. ಫಿಂಗರ್ 1974ರಲ್ಲೇ ತೀರಿಕೊಂಡಿದ್ದರು. ಮಾರ್ಕ್ ಟೈಲರ್ ನೋಬಲ್‌ಮನ್ ಎಂಬ ಲೇಖಕರು ಬಿಲ್ ಫಿಂಗರ್ ಮೊಮ್ಮಗಳು ಅಥೀನಾ ಫಿಂಗರ್ ಅವರನ್ನು ಹುಡುಕಿ ತೆಗೆದು, 2012ರಲ್ಲಿ ಪುಸ್ತಕವನ್ನೂ ತಂದರು. 2015ರಲ್ಲಿ ಬ್ಯಾಟ್‌ಮ್ಯಾನ್ ಪ್ರಕಾಶಕರಾದ ಡಿಸಿ ಸಂಸ್ಥೆ ಫಿಂಗರ್ ಹೆಸರು ಹಾಕಲು ಒಪ್ಪಿತು. 2016ರಲ್ಲಿ ಮೊದಲ ಸಲ ದೊಡ್ಡ ಪರದೆಯ ಮೇಲೆ 'ಬಾಬ್ ಕೇನ್, ಜೊತೆಗೆ ಬಿಲ್ ಫಿಂಗರ್' ಅಂತ ಬಂತು. ಸತ್ತು ನಲವತ್ತು ವರ್ಷ ದಾಟಿದ ಮೇಲೆ!

ಬೇಸಿಗೆ ಶಿಬಿರದ ಕೊನೆಗೆ ಮಕ್ಕಳು ತಾವು ಬಿಡಿಸಿದ ಹೀರೋಗಳನ್ನು ಗೋಡೆಗೆ ಅಂಟಿಸುತ್ತಾರೆ. ಈ ಸಲ ಪ್ರತಿ ಚಿತ್ರದ ಕೆಳಗೆ ಮೂಲ ಕಥೆಗಾರರ, ಚಿತ್ರಕಾರರ ಹೆಸರು ಬರೆಸಬೇಕು ಅಂದುಕೊಂಡಿದ್ದೇನೆ. ಹೆಸರು ಕೂಡಿಸಲು ನೀವೆಲ್ಲ ಸಹಾಯ ಮಾಡಿ. ಜೊತೆಗೆ ನನ್ನ ಅಭಿಪ್ರಾಯವನ್ನೂ ಹೇಳಿಬಿಡುತ್ತೇನೆ. ಸಿನಿಮಾದಲ್ಲಿ ಈ ಹೆಸರುಗಳು ಶುರುವಿನ ಟೈಟಲ್ ಕಾರ್ಡಿನಲ್ಲೇ, ನಿರ್ದೇಶಕರ ಹೆಸರಿನಷ್ಟೇ ದೊಡ್ಡದಾಗಿ ಬರಬೇಕು. ಬರೆದವರು ಯಾರು, ಬಿಡಿಸಿದವರು ಯಾರು ಅಂತ ಬಿಡಿಸಿ ಹೇಳಬೇಕು. ಕೊನೆಯಲ್ಲಿ ನೂರಾರು ಹೆಸರುಗಳ ನಡುವೆ 'ವಿಶೇಷ ಕೃತಜ್ಞತೆ' ಅಂತ ಹಾಕಿದರೆ ಅದು ಉಪಕಾರ ಸ್ಮರಣೆ ಆಗುತ್ತದೆ, ಹಕ್ಕು ಆಗುವುದಿಲ್ಲ.

ಭದ್ರಾವತಿ ಹುಡುಗ

ಅಣ್ಣ, ನಿಮ್ಮ ಮಾತು ಸರಿ ಇರಬಹುದು. ಆದ್ರೆ ಟೈಟಲ್ ಯಾರು ಓದ್ತಾರೆ ಹೇಳಿ? ನಾವು ಗೆಳೆಯರೆಲ್ಲ ಶಿವಮೊಗ್ಗಕ್ಕೆ ಬಂದು ಸಿನಿಮಾ ನೋಡೋದು. ಕೊನೆ ತನಕ ಕೂರೋದೇ ಆಮೇಲೆ ಬರೋ ಚಿಕ್ಕ ಸೀನಿಗೋಸ್ಕರ. ಹೆಸರು ಓದೋಕಲ್ಲ. ಅವೆಂಜರ್ಸ್ ಸಿನಿಮಾದ ವಿಲನ್ ಥಾನೋಸ್ ಅಂದ್ರೆ ನಂಗೆ ನೆನಪಾಗೋದು ಆ ಪಾತ್ರ ಮಾಡಿದ ಜಾಶ್ ಬ್ರೋಲಿನ್. ಅದ್ರಲ್ಲಿ ತಪ್ಪೇನಿದೆ?

ದುರ್ಗಿಗುಡಿ ಓದುಗ

ತಪ್ಪೇನಿಲ್ಲ ತಮ್ಮಾ. ನಟನ ಹೆಸರು ನಿನಗೆ ಗೊತ್ತಿರುವುದು ಯಾಕೆ? ಪೋಸ್ಟರಿನಲ್ಲಿ, ಟ್ರೈಲರಿನಲ್ಲಿ, ಸಂದರ್ಶನದಲ್ಲಿ ಪದೇ ಪದೇ ತೋರಿಸುತ್ತಾರೆ, ಅದಕ್ಕೆ. 2023ರಲ್ಲಿ ಸ್ಪೈಡರ್‌ಮ್ಯಾನ್‌ನ ಅನಿಮೇಷನ್ ಚಿತ್ರ 'ಅಕ್ರಾಸ್ ದ ಸ್ಪೈಡರ್‌ವರ್ಸ್' ಕನ್ನಡದಲ್ಲೂ ಬಂತಲ್ಲ, ಅದರಲ್ಲಿ ಪವಿತ್ರ್ ಪ್ರಭಾಕರ್ ಅಂತ ಭಾರತದ ಸ್ಪೈಡರ್‌ಮ್ಯಾನ್ ಇದ್ದಾನೆ. ಹಿಂದಿ, ಪಂಜಾಬಿಯಲ್ಲಿ ಅವನಿಗೆ ದನಿ ಕೊಟ್ಟದ್ದು ಕ್ರಿಕೆಟ್ ಆಟಗಾರ ಶುಭಮನ್ ಗಿಲ್. ಇದು ನಮ್ಮ ತರಗತಿಯ ಎಲ್ಲ ಹುಡುಗರಿಗೂ ಗೊತ್ತಿತ್ತು. ಆ ಪಾತ್ರವನ್ನು 2004ರಲ್ಲಿ ರೂಪಿಸಿದವರು ಶರದ್ ದೇವರಾಜನ್, ಸುರೇಶ್ ಸೀತಾರಾಮನ್, ಜೀವನ್ ಜೆ. ಕಾಂಗ್. ಸ್ಪೈಡರ್‌ಮ್ಯಾನ್‌ಗೆ ಧೋತಿ ಉಡಿಸಿ ಚಿತ್ರ ಬಿಡಿಸಿದ ಆ ಕಾಂಗ್ ಹೆಸರು ಯಾರಿಗೂ ಗೊತ್ತಿರಲಿಲ್ಲ. ಚಿತ್ರ ಬಿಡಿಸುವುದನ್ನೇ ಕಲಿಯಲು ಬರುವ ಮಕ್ಕಳು ಅವರು! ಬೆಳಗಿನಿಂದ ಸಂಜೆವರೆಗೆ ಪೆನ್ಸಿಲ್ ಹಿಡಿದು ಕೂತ ಒಬ್ಬ ಮನುಷ್ಯ ಇದನ್ನೆಲ್ಲ ಮಾಡಿದ ಅಂತ ಗೊತ್ತಾದರೆ ಒಂದು ಮಗುವಿನ ತಲೆಯಲ್ಲಿ ಏನು ಹೊಳೆಯಬಹುದು, ಯೋಚಿಸು. ಆ ಕೆಲಸ ತನ್ನಿಂದಲೂ ಆಗಬಹುದು ಅಂತ ಅನ್ನಿಸುತ್ತದೆ.

ಥಾನೋಸ್‌ನನ್ನು 1973ರಲ್ಲಿ ಸೃಷ್ಟಿಸಿದವರು ಜಿಮ್ ಸ್ಟಾರ್ಲಿನ್. ಗೋಡೆಗೆ ಬೇಕಾದ ಒಂದು ಹೆಸರು ನಿನ್ನಿಂದಲೇ ಸಿಕ್ಕಿತು.

ಕೊಪ್ಪದ ತೋಟದವರು

ನಾನು ಸ್ವಲ್ಪ ಬೇರೆ ಮಾತು ಹೇಳ್ತೇನೆ, ಬೇಜಾರು ಮಾಡ್ಕೋಬೇಡಿ. ಅವರೆಲ್ಲ ಪುಟಕ್ಕೆ ಇಷ್ಟು ಅಂತ ಮಾತಾಡಿ ಹಣ ತಗೊಂಡವರು. ರುಜು ಹಾಕಿ ಕೊಟ್ಟ ಮೇಲೆ ಮುಗೀತಲ್ಲ. ನಷ್ಟ ಆಗಿದ್ರೆ ಅವರೇನು ಹಣ ವಾಪಸ್ ಕೊಡ್ತಿದ್ರಾ? ನಮ್ಮಲ್ಲಿ ಅಡಿಕೆ ಫಸಲನ್ನ ಚೇಣಿಗೆ, ಅಂದ್ರೆ ಗುತ್ತಿಗೆಗೆ, ಕೊಟ್ಟ ಮೇಲೆ ರೇಟು ಏರಿದ್ರೆ ಚೇಣಿದಾರನ ಹತ್ರ ಹೋಗಿ ಇನ್ನಷ್ಟು ಕೊಡು ಅನ್ನೋಕಾಗತ್ತಾ?

ಇನ್ನೊಂದು, ಒಂದು ಪಾತ್ರ ಎಂಬತ್ತು ವರ್ಷ ನಡೆದು ಬಂದಿದೆ. ನೂರಾರು ಜನ ಬರೆದಿದ್ದಾರೆ, ಬಿಡಿಸಿದ್ದಾರೆ. ಸೃಷ್ಟಿಕರ್ತ ಅಂತ ಯಾರನ್ನ ಹೇಳ್ತೀರಿ? ಬ್ಯಾಟ್‌ಮ್ಯಾನ್ ಕಥೆಯ ವಿಲನ್ ಜೋಕರ್ ನನ್ನದು ಅಂತ ಬಾಬ್ ಕೇನ್, ಬಿಲ್ ಫಿಂಗರ್, ಜೆರ್ರಿ ರಾಬಿನ್ಸನ್ ಮೂವರ ಕಡೆಯಿಂದಲೂ ಬೇರೆ ಬೇರೆ ಹೇಳಿಕೆ ಇವೆ ಅಂತ ಓದಿದ್ದೇನೆ.

ಹೊಸನಗರ ವಕೀಲ

ತೋಟದವರು ಎತ್ತಿದ ಪ್ರಶ್ನೆ ಗಂಭೀರವಾದದ್ದೇ. ನ್ಯಾಯಾಲಯಗಳಲ್ಲಿ ಕಂಪನಿಗಳ ವಾದವೂ ಬಹುತೇಕ ಇದೇ.

ಅಮೆರಿಕದ ಕಾನೂನಿನಲ್ಲಿ ಕೂಲಿಗಾಗಿ ಮಾಡಿಕೊಟ್ಟ ಕೃತಿಗೆ ಮಾಡಿಸಿಕೊಂಡವರೇ ಕರ್ತೃ. ಮಾಲೀಕರು ಮಾತ್ರ ಅಲ್ಲ, ಕರ್ತೃ. ಬರೆದ ಮನುಷ್ಯ ಕಾನೂನಿನ ಕಣ್ಣಿಗೆ ಬೀಳುವುದೇ ಇಲ್ಲ. ಮಾರ್ವೆಲ್ ಕಾಮಿಕ್ಸ್ ಕಂಪನಿಗೆ ಚಿತ್ರ ಬಿಡಿಸಿಕೊಟ್ಟ ಜಾಕ್ ಕರ್ಬಿ ಅವರ ಮಕ್ಕಳು 2009ರಲ್ಲಿ ಮಾರ್ವೆಲ್‌ಗೆ ಹಕ್ಕು ಮರಳಿಸುವಂತೆ ನೋಟಿಸ್ ಕೊಟ್ಟರು. 2013ರಲ್ಲಿ ಮೇಲ್ಮನವಿ ನ್ಯಾಯಾಲಯ ಇದೇ ಕಾರಣ ಹೇಳಿ ಮಾರ್ವೆಲ್ ಪರ ತೀರ್ಪು ಕೊಟ್ಟಿತು. ಕುಟುಂಬ ಸುಪ್ರೀಂ ಕೋರ್ಟಿನ ಬಾಗಿಲಲ್ಲಿದ್ದಾಗ, 2014ರ ಸೆಪ್ಟೆಂಬರಿನಲ್ಲಿ, ಎರಡೂ ಕಡೆಯವರು ರಾಜಿ ಮಾಡಿಕೊಂಡರು. ಆಮೇಲೆ ಕರ್ಬಿ ಹೆಸರು ಪುಸ್ತಕಗಳಲ್ಲೂ ಚಿತ್ರಗಳಲ್ಲೂ ಎದ್ದು ಕಾಣತೊಡಗಿತು. ಕರ್ಬಿ ತೀರಿಕೊಂಡದ್ದು 1994ರಲ್ಲಿ.

ನಮ್ಮಲ್ಲಿ 1957ರ ಕೃತಿಸ್ವಾಮ್ಯ ಕಾಯ್ದೆ ಇದೆ. ನೌಕರಿಯ ಭಾಗವಾಗಿ ಮಾಡಿದ ಕೃತಿಯ ಮೊದಲ ಮಾಲೀಕ ಸಾಮಾನ್ಯವಾಗಿ ಉದ್ಯೋಗದಾತನೇ, 17ನೇ ಕಲಮು ಹಾಗೆ ಹೇಳುತ್ತದೆ. ಆದರೆ 57ನೇ ಕಲಮಿನ ಪ್ರಕಾರ ಕೃತಿಸ್ವಾಮ್ಯವನ್ನು ಪೂರ್ತಿ ಬರೆದುಕೊಟ್ಟ ಮೇಲೂ 'ಇದನ್ನು ಮಾಡಿದವನು ನಾನು' ಎಂದು ಹೇಳಿಕೊಳ್ಳುವ ಹಕ್ಕು ಕರ್ತೃವಿಗೇ ಉಳಿಯುತ್ತದೆ. ತೋಟದವರೇ, ಚೇಣಿಗೆ ಕೊಟ್ಟ ಅಡಿಕೆಯ ಮಾತು ಇಲ್ಲಿಗೆ ಹೊಂದುವುದಿಲ್ಲ. ಹಣದ ವ್ಯವಹಾರ ಮುಗಿದರೂ ಹೆಸರಿನ ಹಕ್ಕು ಮುಗಿಯುವುದಿಲ್ಲ ಎಂದು ನಮ್ಮ ದೇಶದ ಕಾನೂನೇ ಒಪ್ಪಿದೆ.

ಒಂದು ಕೊರತೆಯನ್ನೂ ಹೇಳಬೇಕು. 2012ರ ತಿದ್ದುಪಡಿಯಿಂದಾಗಿ ಸಿನಿಮಾದಲ್ಲಿ ಬಳಸಿದ ಸಾಹಿತ್ಯ, ಸಂಗೀತದ ಕರ್ತೃಗಳು ಚಿತ್ರಮಂದಿರದ ಆಚೆಗಿನ ಬಳಕೆಗೆ ತಮ್ಮ ರಾಯಧನದ ಪಾಲನ್ನು ಬಿಟ್ಟುಕೊಡುವಂತೆ ಬರೆಸಿಕೊಳ್ಳಲು ಬರುವುದಿಲ್ಲ. ಆ ಮಾತು ಸಾಹಿತ್ಯ ಮತ್ತು ಸಂಗೀತಕ್ಕೆ ಮಾತ್ರ. ಚಿತ್ರ ಬಿಡಿಸಿದವರು ಅದರ ಹೊರಗೇ ಉಳಿದಿದ್ದಾರೆ. ನಾಳೆ ಕನ್ನಡದ ಒಂದು ಕಾಮಿಕ್ಸ್ ಸಿನಿಮಾ ಆದರೆ ಬರೆದವರಿಗೆ ಸಿಗುವ ರಕ್ಷಣೆ ಬಿಡಿಸಿದವರಿಗೆ ಸಿಗುವುದಿಲ್ಲ. ಅಂಥವರು ಒಪ್ಪಂದದಲ್ಲೇ ಹೆಸರು, ಅಕ್ಷರದ ಗಾತ್ರ, ಪಾಲು ಎಲ್ಲವನ್ನೂ ಬರೆಸಿಕೊಳ್ಳಬೇಕು.

ತೀರ್ಥಹಳ್ಳಿ ಮೇಷ್ಟ್ರು

ನಮ್ಮ ಕಡೆಯ ರೂಢಿಯನ್ನು ನೋಡಿ. ನಾ. ಡಿಸೋಜರ 'ದ್ವೀಪ' ಸಿನಿಮಾ ಆಯಿತು, ಅನಂತಮೂರ್ತಿಯವರ 'ಘಟಶ್ರಾದ್ಧ', ತೇಜಸ್ವಿಯವರ 'ತಬರನ ಕಥೆ', ಎಂ.ಕೆ. ಇಂದಿರಾ ಅವರ 'ಫಣಿಯಮ್ಮ' ಸಿನಿಮಾ ಆದವು. ನಿರ್ದೇಶಕರ ಹೆಸರು ಹೇಳುವಾಗಲೇ ಮೂಲ ಲೇಖಕರ ಹೆಸರನ್ನೂ ಹೇಳುವುದು ನಮಗೆ ಸಹಜ. 'ಫಣಿಯಮ್ಮ' ಮಾಡಿದ್ದು ಪ್ರೇಮಾ ಕಾರಂತರು, ಕಾದಂಬರಿ ಇಂದಿರಾ ಅವರದು ಅಂತ ಒಂದೇ ಉಸಿರಿಗೆ ಹೇಳುತ್ತೇವೆ. ಇದರಿಂದ ಪ್ರೇಮಾ ಕಾರಂತರ ಗೌರವವೇನೂ ಕಡಿಮೆ ಆಗಲಿಲ್ಲ. ಸಿನಿಮಾ ನೋಡಿ ಕಾದಂಬರಿ ಹುಡುಕಿಕೊಂಡು ಗ್ರಂಥಾಲಯಕ್ಕೆ ಹೋದವರನ್ನು ನಾನು ಬಲ್ಲೆ.

ಯಕ್ಷಗಾನದ ಕರಪತ್ರದಲ್ಲೂ ಹೊಸ ಪ್ರಸಂಗವಾದರೆ ಪ್ರಸಂಗಕರ್ತರ ಹೆಸರು ಹಾಕುತ್ತಾರೆ. ಭಾಗವತರು ಎಷ್ಟೇ ದೊಡ್ಡವರಿರಲಿ, ವೇಷಧಾರಿಗೆ ಎಷ್ಟೇ ಅಭಿಮಾನಿಗಳಿರಲಿ, ಆ ಹೆಸರು ಬಿಡುವುದಿಲ್ಲ. ಹಳ್ಳಿಯ ಬಯಲಾಟಕ್ಕೆ ಸಾಧ್ಯವಾದದ್ದು ಸಾವಿರಾರು ಕೋಟಿಯ ಕಂಪನಿಗೆ ಯಾಕೆ ಕಷ್ಟ?

ಕಾಮಿಕ್ಸನ್ನು ಸಾಹಿತ್ಯ ಎಂದು ಎಣಿಸದೆ 'ಮಕ್ಕಳ ಓದು' ಅಂತ ಬದಿಗಿಟ್ಟದ್ದೇ ಮೂಲ ಕಾರಣ ಎಂದು ನನಗನ್ನಿಸುತ್ತದೆ. ಕಾದಂಬರಿಕಾರರ ಹೆಸರು ಬಿಟ್ಟರೆ ಪತ್ರಿಕೆಗಳಲ್ಲಿ ಪತ್ರ ಬರುತ್ತದೆ. ಕಾಮಿಕ್ಸ್ ಬರೆದವರ ಹೆಸರು ಬಿಟ್ಟರೆ ಕೇಳುವವರೇ ಇರಲಿಲ್ಲ.

ಶೃಂಗೇರಿ ಹಳೇ ಕಾಮಿಕ್ಸ್

ಕೇಳಿದವರು ಇದ್ದಾರೆ ಮೇಷ್ಟ್ರೇ, ಕೇಳಿ ಗೆದ್ದೂ ಇದ್ದಾರೆ. ಸೂಪರ್‌ಮ್ಯಾನ್ ಕಥೆ ಹೇಳಲೇಬೇಕು.

ಕ್ಲೀವ್‌ಲ್ಯಾಂಡಿನ ಇಬ್ಬರು ಹುಡುಗರು, ಜೆರ್ರಿ ಸೀಗಲ್ ಬರೆಯುವವ, ಜೋ ಶಸ್ಟರ್ ಬಿಡಿಸುವವ. 1938ರಲ್ಲಿ ಸೂಪರ್‌ಮ್ಯಾನ್‌ನ ಹಕ್ಕನ್ನು 130 ಡಾಲರಿಗೆ ಕೊಟ್ಟುಬಿಟ್ಟರು. ಆಮೇಲೆ ಕೋರ್ಟಿಗೆ ಹೋದಾಗ ಹಕ್ಕೂ ಸಿಗಲಿಲ್ಲ, ಕೆಲಸವೂ ಹೋಯಿತು, ಪುಸ್ತಕದ ಮೇಲಿಂದ ಹೆಸರೂ ಹೋಯಿತು. 1975ರ ಹೊತ್ತಿಗೆ ಸೀಗಲ್ ಸಣ್ಣ ಸಂಬಳದ ಗುಮಾಸ್ತ, ಶಸ್ಟರ್‌ಗೆ ಕಣ್ಣು ಹೆಚ್ಚೂಕಡಿಮೆ ಕಾಣುತ್ತಲೇ ಇರಲಿಲ್ಲ. ಅದೇ ಸಮಯಕ್ಕೆ ಕೋಟಿಗಟ್ಟಲೆ ಸುರಿದು ಸೂಪರ್‌ಮ್ಯಾನ್ ಸಿನಿಮಾ ತೆಗೆಯುತ್ತಾರೆ ಅಂತ ಸುದ್ದಿ. ಸೀಗಲ್ ಹೊಟ್ಟೆಯುರಿದು ಆ ಸಿನಿಮಾಕ್ಕೆ ಶಾಪ ಹಾಕಿ ಪತ್ರಿಕೆಗಳಿಗೆ ಉದ್ದನೆಯ ಹೇಳಿಕೆ ಕಳಿಸಿದರು. ಜೆರ್ರಿ ರಾಬಿನ್ಸನ್, ನೀಲ್ ಆಡಮ್ಸ್ ಎಂಬ ಇಬ್ಬರು ಚಿತ್ರಕಾರರು ಅವರ ಬೆನ್ನಿಗೆ ನಿಂತರು. ಆ ವರ್ಷದ ಡಿಸೆಂಬರಿನಲ್ಲಿ ಕಂಪನಿ ಮಣಿಯಿತು. ತಲಾ ವರ್ಷಕ್ಕೆ 20,000 ಡಾಲರ್, ಜೊತೆಗೆ ಹೆಸರು. 1978ರ ಸಿನಿಮಾದಲ್ಲಿ ಇಬ್ಬರ ಹೆಸರೂ ಬಂತು. ಆ 130 ಡಾಲರಿನ ಲೆಕ್ಕ ಬರೆದಿದ್ದ ಚೆಕ್ಕು 2012ರಲ್ಲಿ ಹರಾಜಿಗೆ ಬಂದಾಗ 1,60,000 ಡಾಲರಿಗೆ ಹೋಯಿತು!

ಇದನ್ನು ಗೆದ್ದುಕೊಟ್ಟದ್ದು ಕಾನೂನಲ್ಲ. ಜನ ಕೇಳಿದರು, ಕಂಪನಿಗೆ ನಾಚಿಕೆಯಾಯಿತು. ಅದಕ್ಕೇ ನಾವು ಇಲ್ಲಿ ಕೂತು ಮಾತಾಡುವುದು ವ್ಯರ್ಥ ಅಂತ ನನಗೆ ಅನ್ನಿಸುವುದಿಲ್ಲ.

ತೋಟದವರು ಕೇಳಿದ 'ಸೃಷ್ಟಿಕರ್ತ ಯಾರು' ಪ್ರಶ್ನೆಗೂ ಉತ್ತರ ಹೇಳುತ್ತೇನೆ. ಅರವತ್ತರ ದಶಕದಲ್ಲಿ ಮಾರ್ವೆಲ್‌ನಲ್ಲಿ ಕೆಲಸ ನಡೆಯುತ್ತಿದ್ದ ರೀತಿ ತಿಳಿಯಬೇಕು. ಅಲ್ಲಿನ ಸಂಪಾದಕ, ಕಥೆಗಾರ ಸ್ಟಾನ್ ಲೀ ಕಥೆಯ ಎಳೆಯನ್ನು ಬಾಯಲ್ಲೋ ಒಂದು ಹಾಳೆಯಲ್ಲೋ ಹೇಳುತ್ತಿದ್ದರು. ಚಿತ್ರಕಾರ ಅದನ್ನು ಇಪ್ಪತ್ತು ಪುಟಕ್ಕೆ ಬೆಳೆಸಿ, ಯಾವ ದೃಶ್ಯ ಎಲ್ಲಿ, ಯಾರು ಏನು ಮಾಡುತ್ತಾರೆ ಅಂತ ತಾನೇ ನಿರ್ಧರಿಸಿ ಬಿಡಿಸುತ್ತಿದ್ದ. ಕೊನೆಗೆ ಲೀ ಮಾತು ತುಂಬುತ್ತಿದ್ದರು. ಅಂದ ಮೇಲೆ ಚಿತ್ರಕಾರ ಅರ್ಧ ಕಥೆಗಾರನೇ ಆಗಲಿಲ್ಲವೇ? 1966ರಲ್ಲಿ 'ಫೆಂಟಾಸ್ಟಿಕ್ ಫೋರ್' ಪುಟಗಳು ಕರ್ಬಿಯಿಂದ ಬಂದಾಗ ಅದರಲ್ಲಿ ಲೀ ಹೇಳದೇ ಇದ್ದ ಹೊಸಬನೊಬ್ಬ ಹಲಗೆ ಮೇಲೆ ನಿಂತು ಆಕಾಶದಲ್ಲಿ ಹಾರುತ್ತಿದ್ದ. ಅವನೇ ಸಿಲ್ವರ್ ಸರ್ಫರ್. ಇದನ್ನು ಲೀ ಅವರೇ ಹೇಳಿಕೊಂಡಿದ್ದಾರೆ. ಸಿನಿಮಾಗಳಲ್ಲಿ ಲೀ ಒಂದು ಕ್ಷಣ ಕಾಣಿಸಿಕೊಂಡರೆ ಜನ ಶಿಳ್ಳೆ ಹೊಡೆಯುತ್ತಾರೆ, ಹೊಡೆಯಲಿ, ಅವರ ಮಾತಿನ ಚುರುಕೇ ಬೇರೆ. ಆದರೆ ಸ್ಪೈಡರ್‌ಮ್ಯಾನ್‌ನ ಬಲೆಯ ಉಡುಪು, ಡಾಕ್ಟರ್ ಸ್ಟ್ರೇಂಜ್‌ನ ಆ ವಿಚಿತ್ರ ಲೋಕಗಳು ಸ್ಟೀವ್ ಡಿಟ್ಕೊ ಅವರ ಕುಂಚದವು ಅಂತ ಎಷ್ಟು ಜನಕ್ಕೆ ಗೊತ್ತು?

ಜೋಕರ್ ವಿಷಯ: ಮೂವರ ಹೆಸರಿನ ಮೇಲೆ ಜಗಳ ಇದ್ದರೆ ಮೂವರ ಹೆಸರನ್ನೂ ಹಾಕಲಿ. ಅನುಮಾನ ಇದೆ ಅಂತ ಎಲ್ಲರನ್ನೂ ಬಿಟ್ಟುಬಿಡುವುದು ಯಾವ ನ್ಯಾಯ?

ಇನ್ನೊಂದು, ನಮ್ಮ ಹತ್ತಿರದ್ದು. ಅಮರ ಚಿತ್ರ ಕಥೆ ಅಂದಕೂಡಲೇ ಅನಂತ ಪೈ ಹೆಸರು ಬರುತ್ತದೆ, ಬರಬೇಕಾದದ್ದೇ. ಆದರೆ ಆ ಮಾಲೆಯ ಮೊದಲ ಪುಸ್ತಕಗಳು 1965ರಲ್ಲಿ ಬೆಂಗಳೂರಿನಲ್ಲಿ ಕನ್ನಡದಲ್ಲಿ ಬಂದವು. ವಿದೇಶಿ ಕಿನ್ನರಿ ಕಥೆಗಳವು. ತಂದವರು ಜಿ.ಕೆ. ಅನಂತರಾಮ್. 'ಕೃಷ್ಣ' ಬಂದದ್ದು ಹನ್ನೊಂದನೆಯದಾಗಿ. ಅದನ್ನು ಬಿಡಿಸಿದವರು ರಾಮ್ ವಾಯಿರ್ಕರ್. ಗೋಡೆಯ ಮೇಲೆ ಒಂದು ಮೂಲೆ ಇವರಿಗೂ ಇರಲಿ.

ಸಾಗರದ ಚಿತ್ತಾರಗಿತ್ತಿ

ನಾನು ಇಂಗ್ಲಿಷ್ ಕಾಮಿಕ್ಸ್ ಓದಿದವಳಲ್ಲ. ಮಗ ತೋರಿಸಿದ, ಅದಕ್ಕೆ ಬರೀತಾ ಇದ್ದೇನೆ.

ನಮ್ಮ ಅಮ್ಮ ಹಸೆ ಚಿತ್ತಾರ ಬರೀತಾರೆ. ಕೆಮ್ಮಣ್ಣು ಬಳಿದ ಗೋಡೆ ಮೇಲೆ ಅಕ್ಕಿ ಹಿಟ್ಟಿನ ಬಿಳಿ, ಹುರಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ. ಪುಂಡಿ ನಾರಿನ ಕುಂಚ. ಮದುವೆ ಮನೆಯಲ್ಲಿ ಒಂದು ಹಸೆಗೋಡೆ ಮುಗಿಯೋದಕ್ಕೆ ಕೂತು ಕೂತು ಸೊಂಟ ಹೋಗತ್ತೆ. ಒಂದು ಸಲ ಯಾರೋ ಬಂದು ಫೋಟೋ ತಗೊಂಡು ಹೋದರು. ಆಮೇಲೆ ಅದೇ ಚಿತ್ತಾರ, ಅಮ್ಮ ಬರೆದದ್ದೇ, ಒಂದು ಹೋಮ್‌ಸ್ಟೇ ಗೋಡೆ ಮೇಲೆ, ಅವರ ಚೀಟಿಗಳ ಮೇಲೆ ಪ್ರಿಂಟ್ ಆಗಿತ್ತು. ಕೇಳಿದ್ದಕ್ಕೆ 'ಇದು ಜನಪದ ಅಲ್ವಾ ಅಕ್ಕ, ಇದಕ್ಕೆ ಹೆಸರೆಂತ' ಅಂದ್ರು. ದೀವರ ಹೆಂಗಸರು ತಲೆತಲಾಂತರದಿಂದ ಬರೆದದ್ದು ಹೌದು. ಆದರೆ ಆ ಎಳೆಗಳನ್ನು ಅಷ್ಟು ಹತ್ತಿರ ಹತ್ತಿರ, ಒಂದಕ್ಕೊಂದು ತಾಗದ ಹಾಗೆ ಎಳೆದದ್ದು ನಮ್ಮ ಅಮ್ಮ. ಚಿತ್ತಾರ ಬಲ್ಲವರು ನೋಡಿದ ತಕ್ಷಣ ಇದು ಇಂಥವರ ಕೈ ಅಂತ ಹೇಳ್ತಾರೆ.

ಅಮ್ಮ ದುಡ್ಡು ಕೇಳಲಿಲ್ಲ. 'ನನ್ನ ಹೆಸರು ಒಂದು ಬರೆದಿದ್ರೆ ಆಗಿತ್ತು' ಅಂದ್ರು. ಅವರಿಬ್ಬರು ಮುದುಕರ ಕಥೆ, ಆ ಸೂಪರ್‌ಮ್ಯಾನಿನವರದ್ದು, ಓದಿ ನನಗೆ ಅಳು ಬಂತು.

ಕೊಪ್ಪದ ತೋಟದವರು

ಅಕ್ಕ, ನಿಮ್ಮ ಮಾತು ಓದಿದ ಮೇಲೆ ಹೆಸರಿನ ವಿಷಯದಲ್ಲಿ ನನಗೆ ತಕರಾರಿಲ್ಲ. ವಕೀಲರು ಹೇಳಿದ್ದೂ ಸರಿ. ಆದರೆ ಹಣದ ಪ್ರಶ್ನೆ ಹಾಗೇ ಇದೆ. ಹೆಸರು ಹಾಕಿದ್ರೆ ಸಾಕಾ? ನನಗೆ ಹೆದರಿಕೆ ಏನಂದ್ರೆ, ಹೆಸರು ಹಾಕಿ ಕೈ ತೊಳೆದುಕೊಳ್ಳೋದು ಕಂಪನಿಗಳಿಗೆ ಅಗ್ಗದ ದಾರಿ ಆಗಿಬಿಡತ್ತೆ.

ಶೃಂಗೇರಿ ಹಳೇ ಕಾಮಿಕ್ಸ್

ಅದೇ ಆಗಿರುವುದು. ಎಡ್ ಬ್ರೂಬೇಕರ್ ಬರೆದು ಸ್ಟೀವ್ ಎಪ್ಟಿಂಗ್ ಬಿಡಿಸಿದ ವಿಂಟರ್ ಸೋಲ್ಜರ್ ಎಂಬ ಮಾರ್ವೆಲ್ ಪಾತ್ರದ ಮೇಲೆ 2014ರಲ್ಲಿ ಇಡೀ ಸಿನಿಮಾ ಬಂತು. ಅದರಲ್ಲಿ ಬ್ರೂಬೇಕರ್ ಒಂದು ಸಣ್ಣ ಪಾತ್ರದಲ್ಲಿ ಮುಖ ತೋರಿಸಿದ್ದರು. ಆ ಪಾತ್ರ ಸೃಷ್ಟಿಸಿದ್ದಕ್ಕಿಂತ ಈ ಮುಖ ತೋರಿಸಿದ್ದಕ್ಕೇ ಹೆಚ್ಚು ಹಣ ಬಂದಿದೆ ಅಂತ ಅವರೇ ಹೇಳಿದರು.

ಜಿಮ್ ಸ್ಟಾರ್ಲಿನ್ 2017ರಲ್ಲಿ ಹೇಳಿದ್ದು ಇನ್ನೂ ಚೆನ್ನಾಗಿದೆ. ಡಿಸಿ ಸಿನಿಮಾದಲ್ಲಿ ಬಂದ ತಮ್ಮ ಒಂದು ಚಿಕ್ಕ ಪಾತ್ರಕ್ಕೆ ಸಿಕ್ಕ ಹಣ, ಮಾರ್ವೆಲ್ ಸಿನಿಮಾಗಳಲ್ಲಿ ಥಾನೋಸ್, ಗಮೋರಾ, ಡ್ರಾಕ್ಸ್ ಮೂವರಿಗೂ ಸೇರಿ ಸಿಕ್ಕಿದ್ದಕ್ಕಿಂತ ಜಾಸ್ತಿ ಅಂದರು. ಆಮೇಲೆ ಮಾರ್ವೆಲ್ ಅವರ ಜೊತೆ ಮತ್ತೆ ಮಾತಾಡಿ ಒಪ್ಪಂದ ಸರಿಪಡಿಸಿಕೊಂಡಿತು. ಅಲ್ಲೂ ಬಹಿರಂಗವಾಗಿ ಹೇಳಿದ್ದರಿಂದಲೇ ಕೆಲಸ ಆಯಿತು.

ಭದ್ರಾವತಿ ಹುಡುಗ

ಇಷ್ಟೆಲ್ಲ ಓದಿ ನಿನ್ನೆ ರಾತ್ರಿ ಒಂದು ಸಿನಿಮಾ ಹಾಕ್ಕೊಂಡು ಟೈಟಲ್ ನಿಲ್ಲಿಸಿ ನಿಲ್ಲಿಸಿ ಓದಿದೆ. 2009ರ ವಾಚ್‌ಮೆನ್. ಅದ್ರಲ್ಲಿ ಬಿಡಿಸಿದ ಡೇವ್ ಗಿಬ್ಬನ್ಸ್ ಹೆಸರು ಇದೆ, ಬರೆದ ಅಲನ್ ಮೂರ್ ಹೆಸರಿಲ್ಲ. ಇದು ಯಾಕೆ? ಇದೂ ಅನ್ಯಾಯವೇ ಅಲ್ವಾ?

ದುರ್ಗಿಗುಡಿ ಓದುಗ

ಒಳ್ಳೆಯ ಪ್ರಶ್ನೆ ಕೇಳಿದೆ. ಅದು ಮೂರ್ ಅವರೇ ಬೇಡ ಅಂದದ್ದು. ತಮ್ಮ ಕಥೆಗಳಿಂದ ಮಾಡಿದ ಸಿನಿಮಾಗಳ ಬಗ್ಗೆ ಬೇಸತ್ತು ಹೆಸರು ತೆಗೆಸಿದರು, ತಮ್ಮ ಪಾಲಿನ ಹಣ ಚಿತ್ರಕಾರರಿಗೆ ಹೋಗಲಿ ಅಂದರು. 'ವಿ ಫಾರ್ ವೆಂಡೆಟಾ' ಚಿತ್ರದಲ್ಲೂ ಬಿಡಿಸಿದ ಡೇವಿಡ್ ಲಾಯ್ಡ್ ಹೆಸರು ಮಾತ್ರ ಇರುವುದು ಇದೇ ಕಾರಣಕ್ಕೆ. ನನ್ನ ದೃಷ್ಟಿಯಲ್ಲಿ ಇದು ಅನ್ಯಾಯ ಅಲ್ಲ, ಹಕ್ಕಿನ ಇನ್ನೊಂದು ಮುಖ. ಹೆಸರು ತಮ್ಮದು ಅಂತಾದ ಮೇಲೆ ಹಾಕಿಸುವುದೂ ಅವರಿಗೇ ಬಿಟ್ಟದ್ದು, ತೆಗೆಸುವುದೂ ಅವರಿಗೇ ಬಿಟ್ಟದ್ದು. ಫಿಂಗರ್‌ಗೆ ಆ ಆಯ್ಕೆಯೇ ಇರಲಿಲ್ಲ.

ತೋಟದವರ ಹೆದರಿಕೆ ನನಗೂ ಇದೆ. ಆದರೂ ಹೆಸರೇ ಮೊದಲು ಬೇಕು ಅನ್ನುತ್ತೇನೆ. ಪಾಲು ಕೇಳಲು ಹೋದವರನ್ನು ಮೊದಲು 'ನೀವು ಯಾರು' ಅಂತ ಕೇಳುತ್ತಾರೆ. ಪರದೆ ಮೇಲೆ ಹೆಸರಿದ್ದರೆ ಆ ಪ್ರಶ್ನೆ ಕೇಳಲು ಬರುವುದಿಲ್ಲ. ಅಥೀನಾ ಫಿಂಗರ್ ಹೋರಾಡಬೇಕಾಗಿ ಬಂದದ್ದು ಅಜ್ಜನ ಹೆಸರು ಸೃಷ್ಟಿಕರ್ತರ ಜಾಗದಲ್ಲಿ ಅಚ್ಚಾಗದೆ ಇದ್ದದ್ದರಿಂದ.

ಸಿನಿಮಾದವರಿಗೆ ಇದು ಕಷ್ಟವೂ ಅಲ್ಲ. ಪಾತ್ರವನ್ನು ಮೊದಲು ರೂಪಿಸಿದವರದು ಶುರುವಿನಲ್ಲೇ ಒಂದು ಕಾರ್ಡು. ಯಾವ ಸಂಚಿಕೆಯ ಕಥೆಯನ್ನು ಎತ್ತಿಕೊಂಡಿದ್ದಾರೋ ಅದನ್ನು ಬರೆದವರ, ಬಿಡಿಸಿದವರದು ಇನ್ನೊಂದು ಕಾರ್ಡು. ನಡುವಿನ ಎಂಬತ್ತು ವರ್ಷದಲ್ಲಿ ಕೈ ಜೋಡಿಸಿದ ಉಳಿದವರು ಕೊನೆಯಲ್ಲಿ ಬರಲಿ. ಎಲ್ಲ ಸೇರಿ ಹತ್ತು ಸೆಕೆಂಡ್ ಹೆಚ್ಚಾಗಬಹುದು.

ಹೊಸನಗರ ವಕೀಲ

ಕನ್ನಡಕ್ಕೆ ಡಬ್ ಆಗಿ ಬರುವ ಚಿತ್ರಗಳಲ್ಲಿ ಆ ಮೊದಲ ಕಾರ್ಡನ್ನಾದರೂ ಕನ್ನಡ ಅಕ್ಷರದಲ್ಲಿ ಕೊಡಿ ಎಂದು ವಿತರಕರಿಗೆ ನಾವು ಕೇಳಬಹುದು. ಮನವಿಯ ಕರಡು ನಾನು ಬರೆಯುತ್ತೇನೆ. ಸಹಿ ಹಾಕುವವರು ಇಲ್ಲೇ ತಿಳಿಸಿ.

ಸಾಗರದ ಚಿತ್ತಾರಗಿತ್ತಿ

ನಾನು ಹಾಕ್ತೇನೆ ವಕೀಲ್ರೇ. ಅಮ್ಮನೂ ಹಾಕ್ತಾರೆ.

ಭದ್ರಾವತಿ ಹುಡುಗ

ನಂದೂ ಒಂದು. ಅಣ್ಣ, ಗೋಡೆಗೆ ಇನ್ನೊಂದೆರಡು ಹೆಸರು ಹುಡುಕಿದ್ದೀನಿ. ಮೈಲ್ಸ್ ಮೊರಾಲೆಸ್: ಬರೆದದ್ದು ಬ್ರಯಾನ್ ಮೈಕೆಲ್ ಬೆಂಡಿಸ್, ಬಿಡಿಸಿದ್ದು ಸಾರಾ ಪಿಕೆಲ್ಲಿ, 2011. ರಾಕೆಟ್ ರಕೂನ್: ಬಿಲ್ ಮ್ಯಾಂಟ್ಲೋ, ಕೀತ್ ಗಿಫನ್. ಮ್ಯಾಂಟ್ಲೋಗೆ 1992ರಲ್ಲಿ ಯಾವುದೋ ಗಾಡಿ ಗುದ್ದಿ ಹಾಸಿಗೆ ಹಿಡಿದಿದ್ರಂತೆ. 2014ರಲ್ಲಿ ಮಾರ್ವೆಲ್‌ನವರು ಅವರಿದ್ದ ಕಡೆಗೇ ಹೋಗಿ ಸಿನಿಮಾ ತೋರಿಸಿದ್ರಂತೆ. ಅದು ಮಾತ್ರ ಒಳ್ಳೆ ಕೆಲಸ. ಮತ್ತೆ ಬಣ್ಣ ಹಾಕಿದವರು, ಅಕ್ಷರ ಬರೆದವರು ಇವರ ಹೆಸರೂ ಬೇಕಾ?

ದುರ್ಗಿಗುಡಿ ಓದುಗ

ಸಿಕ್ಕಿದರೆ ಖಂಡಿತ ಬೇಕು. ಮಾತಿನ ಗುಳ್ಳೆಯೊಳಗೆ ಕೈಯಲ್ಲೇ ಅಕ್ಷರ ಬರೆಯುವುದು ಎಂಥ ಕೆಲಸ ಅಂತ ಮಕ್ಕಳಿಂದ ಒಂದು ಪುಟ ಮಾಡಿಸಿ ನೋಡುತ್ತೇನೆ. ಚಿತ್ತಾರಗಿತ್ತಿ ಅಕ್ಕ, ಅಮ್ಮ ಒಪ್ಪಿದರೆ ಶಿಬಿರದ ಒಂದು ದಿನ ಅವರನ್ನು ಕರೆದುಕೊಂಡು ಬನ್ನಿ. ಮಕ್ಕಳು ಅವರ ಕೈಯಿಂದ ಎಳೆ ಎಳೆಯುವುದನ್ನು ಕಲಿಯಲಿ. ಸಂಭಾವನೆ ಎಷ್ಟು, ಕರಪತ್ರದಲ್ಲಿ ಅವರ ಹೆಸರು ಹೇಗೆ ಬರೆಯಬೇಕು ಅಂತ ಮೊದಲೇ ಅವರನ್ನು ಕೇಳಿ ತಿಳಿಸಿ, ಅಚ್ಚಿಗೆ ಕೊಡುವ ಮುಂಚೆ.